ಮಸ್ಕತ್ತಿನ ಮರಳಿನಲ್ಲಿ ಚೆಂಡು ಎತ್ತಿಕೊಟ್ಟವನು

ವಾಡಿ ಬಿಟ್ಟ ಮೇಲೆ

ವಿದೇಶಕ್ಕೆ ಹೋಗಿ ಬಂದವರು ವಿಮಾನದಿಂದ ಕಥೆ ಶುರು ಮಾಡುತ್ತಾರೆ. ನನಗೆ ವಿಮಾನದ್ದು ಅಷ್ಟು ನೆನಪಿಲ್ಲ. ಕಿವಿಯೊಳಗೆ ಹತ್ತಿ ತುರುಕಿದ ಹಾಗಾಗಿತ್ತು, ಕಣ್ಣು ಮುಚ್ಚಿ ಕೂತಿದ್ದೆ. ನೆನಪಿರುವುದು ಅದಕ್ಕೂ ಮೊದಲು ವಾಡಿಯಿಂದ ಹೈದರಾಬಾದಿಗೆ ಹೊರಟ ರೈಲು. ನಾನು ರೈಲ್ವೆಯಲ್ಲಿ ಹಳಿ ಬದಲಿಸಿ ಬಾವುಟ ತೋರಿಸುವ ಪಾಯಿಂಟ್ಸ್‌ಮನ್ ಆಗಿ ದುಡಿದು ನಿವೃತ್ತನಾದವನು. ಆ ದಾರಿಯಲ್ಲಿ ಎಷ್ಟೋ ಗಾಡಿಗಳನ್ನು ಕಳಿಸಿದ್ದೇನೆ, ಕಿಟಕಿಯ ಪಕ್ಕ ಪ್ರಯಾಣಿಕನಾಗಿ ಕೂತದ್ದು ಕಡಿಮೆ. ಚಿತ್ತಾಪುರ ಬಂತು, ಹೋಯಿತು. ಹಳಿಯ ಪಕ್ಕ ಒಟ್ಟಿದ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಸಾಲು, ಸಿಮೆಂಟಿನ ಬಿಳಿ ಧೂಳು ಕೂತ ಬೇವಿನ ಗಿಡ, ತೊಗರಿಯ ಹೊಲ. ಸೇಡಂ ದಾಟುವ ಹೊತ್ತಿಗೆ ಡಬ್ಬಿಯಲ್ಲಿ ತೆಲುಗು ಮಾತು ಹೆಚ್ಚಾಯಿತು. ಆಗ ಮನಸ್ಸಿಗೆ ಬಂತು: ಇನ್ನು ತಿರುಗಿ ಹೋಗುವ ಹಾಗಿಲ್ಲ.

ಅಳಿಯ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಕಲಿತು ಈಗ ಒಮಾನ್ ದೇಶದ ಒಂದು ಕಾರ್ಖಾನೆಯಲ್ಲಿದ್ದಾನೆ. ಮಗಳು ಗಿರಿಜಾ ಮಸ್ಕತ್ತಿನಲ್ಲಿ ಮನೆ ಮಾಡಿದ್ದಾಳೆ. ಅವಳ ಬಾಣಂತನಕ್ಕೆ ನನ್ನ ಹೆಂಡತಿ ಹೋಗಿ ಬಂದಿದ್ದಳು. ಈಗ ಮೊಮ್ಮಗಳನ್ನು ನೋಡುವ ಸರದಿ ನನ್ನದು. ಮಗಳಿಗೆ ಹೇಳಿದ್ದು ಅಷ್ಟೇ. ಅದು ಸುಳ್ಳಲ್ಲ, ಅರ್ಧ ಮಾತು. ಉಳಿದ ಅರ್ಧ ಏನೆಂದರೆ, ಸಾಯಬಣ್ಣ ಎಂಬ ಹಳೆಯ ಗೆಳೆಯ ಮಸ್ಕತ್ತಿನ ಹತ್ತಿರ ಸೀಬ್ ಎಂಬಲ್ಲಿದ್ದಾನೆ ಎಂದು ಗೊತ್ತಾಗಿತ್ತು. ಅವನ ಮುಂದೆ ಹೇಳಬೇಕಾದ ಒಂದು ಮಾತು ಹರೆಯದಿಂದ ನನ್ನ ಗಂಟಲಲ್ಲಿ ಕೂತಿತ್ತು. ಸಾಯುವುದರೊಳಗೆ ಹೇಳಬೇಕು.

ಓದುವವರು ಕೇಳಬಹುದು, ಅವನು ವರ್ಷಕ್ಕೊಮ್ಮೆಯಾದರೂ ಶಹಾಬಾದಿಗೆ ತಮ್ಮನ ಮನೆಗೆ ಬರುತ್ತಿರಲಿಲ್ಲವೇ ಎಂದು. ಬರುತ್ತಿದ್ದ. ಶಹಾಬಾದ್ ನಮ್ಮ ವಾಡಿಯ ಪಕ್ಕದ ದೊಡ್ಡ ಸ್ಟೇಷನ್ನು. ಒಮ್ಮೆ ನಾನು ಹಸಿರು ಬಾವುಟ ಹಿಡಿದು ನಿಂತಾಗ ಅವನು ಗಾಡಿಯ ಬಾಗಿಲಲ್ಲಿ ಕಂಡಿದ್ದ. ಅವನೂ ನನ್ನನ್ನು ನೋಡಿದ. ನಾನು ಬಾವುಟ ಬೀಸಿ ಗಾಡಿ ಕಳಿಸಿಬಿಟ್ಟೆ. ಪಕ್ಕದೂರಿಗೆ ಹೋಗಲಾರದವನು ಸಮುದ್ರ ದಾಟಿ ಹೊರಟಿದ್ದೆ. ನಮ್ಮೂರಲ್ಲಿ ನಾನು ಇಂಥವರ ಮಗ, ಅವನು ಇಂಥವರ ಮಗ. ಬೇರೆ ದೇಶದಲ್ಲಿ ಬರಿಯ ಇಬ್ಬರು ಮುದುಕರು. ಅಲ್ಲಿ ಬಾಯಿ ಬಿಟ್ಟೀತು ಅನ್ನಿಸಿತು.

ಮಸ್ಕತ್, ಬೀದಿಯ ನೀರು

ಹೆಂಡತಿ ಕಟ್ಟಿಕೊಟ್ಟ ಶೇಂಗಾ ಹಿಂಡಿಯ ಚೀಲವನ್ನು ವಿಮಾನ ನಿಲ್ದಾಣದ ಅಧಿಕಾರಿ ಬಿಚ್ಚಿಸಿದ. ಕೆಂಪು ಚಟ್ನಿಪುಡಿ ನೋಡಿ ಹುಬ್ಬು ಏರಿಸಿದ. ನನಗೆ ಅವನ ಭಾಷೆ ಬರುವುದಿಲ್ಲ, ನಮ್ಮ ಕಡೆಯ ಉರ್ದುವಿನಲ್ಲಿ ಖಾನೇಕಾ ಹೈ ಸಾಬ್ ಎಂದು ಹೇಳಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಅವನೂ ಒಂದು ಚಿಟಿಕೆ ಹಾಕಿಕೊಂಡ. ಕಣ್ಣಲ್ಲಿ ನೀರು ಬಂತು, ನಕ್ಕು ಹೋಗಲು ಬಿಟ್ಟ. ಆ ದೇಶದಲ್ಲಿ ನನ್ನ ಮೊದಲ ಪರಿಚಯ ಅವನೇ.

ಮಸ್ಕತ್ ಬೋಳು ಗುಡ್ಡಗಳ ನಡುವಿನ ಊರು. ಮನೆಗಳೆಲ್ಲ ಬೆಳ್ಳಗೆ. ಬಿಸಿಲು ನಮ್ಮ ಬೇಸಿಗೆಯ ಬಿಸಿಲೇ, ಆದರೆ ಗಾಳಿಯಲ್ಲಿ ಉಪ್ಪಿನ ಜಿಗುಟು. ಬೆಳಗ್ಗೆ ಮೊಮ್ಮಗಳನ್ನು ಎತ್ತಿಕೊಂಡು ಬೀದಿ ಸುತ್ತುತ್ತಿದ್ದೆ. ಅಲ್ಲಿ ನನಗೆ ಹಿಡಿಸಿದ್ದು ಒಂದು ಪದ್ಧತಿ. ಉಳ್ಳವರ ಮನೆಯ ಕಾಂಪೌಂಡಿಗೆ ಹೊರಗಡೆ ತಣ್ಣೀರಿನ ನಲ್ಲಿ ಇಟ್ಟಿರುತ್ತಾರೆ. ದಾರಿಹೋಕರು ಯಾರು ಬೇಕಾದರೂ ಕುಡಿಯಬಹುದು. ನಲ್ಲಿಗೆ ಸರಪಳಿಯಲ್ಲಿ ಒಂದು ಸ್ಟೀಲಿನ ಲೋಟ. ಬೀದಿ ಗುಡಿಸುವ ಬಂಗಾಲಿ ಕುಡಿದ, ಬೆಳ್ಳನೆಯ ನಿಲುವಂಗಿ ತೊಟ್ಟ ಅಲ್ಲಿಯ ಹಿರಿಯನೊಬ್ಬ ಅದೇ ಲೋಟದಲ್ಲಿ ಕುಡಿದ, ಆಮೇಲೆ ನನ್ನ ಕೈಗೆ ಕೊಟ್ಟ. ನಾನು ರೂಢಿಯಂತೆ ತುಟಿಗೆ ತಾಗಿಸದೆ ಮೇಲಿನಿಂದ ಸುರಿದುಕೊಳ್ಳಲು ಹೋದೆ. ಗಾಳಿಗೆ ನೀರು ಅಂಗಿಯ ಮೇಲೆಲ್ಲ ಚೆಲ್ಲಿತು. ಅವರಿಬ್ಬರೂ ನಕ್ಕರು, ಕೂಸೂ ನಕ್ಕಿತು.

ನಾನು ನಗಲಿಲ್ಲ. ವಾಡಿಯ ಮೈದಾನದ ಮೂಲೆಯಲ್ಲಿ ನಮ್ಮ ಮಣ್ಣಿನ ಕೊಡ ಇರುತ್ತಿತ್ತು. ಆಟದ ನಡುವೆ ಎಲ್ಲರೂ ತಂಬಿಗೆಯಲ್ಲಿ ಕುಡಿಯುತ್ತಿದ್ದೆವು. ಸಾಯಬಣ್ಣ ಬಗ್ಗಿ ಬೊಗಸೆ ಒಡ್ಡುತ್ತಿದ್ದ, ಯಾರಾದರೂ ಮೇಲಿನಿಂದ ಸುರಿಯುತ್ತಿದ್ದರು. ಎಷ್ಟೋ ಸಲ ನಾನೇ ಸುರಿದಿದ್ದೇನೆ. ಅದೇ ಹತ್ತು ಬೆರಳು ಒಂದು ನಿಮಿಷದ ಹಿಂದೆ ನನಗಾಗಿ ಚೆಂಡು ಎತ್ತಿಕೊಟ್ಟಿದ್ದವು. ಚೆಂಡಿಗೆ ಮೈಲಿಗೆ ಇರಲಿಲ್ಲ, ತಂಬಿಗೆಗೆ ಇತ್ತು. ಇದು ವಿಚಿತ್ರ ಎಂದು ನಮಗಾರಿಗೂ ಅನ್ನಿಸಿರಲಿಲ್ಲ.

ನಡುವೆ ಚಿಂಚೋಳಿ ಕಡೆಯ ಒಂದು ಊರು

ಮಸ್ಕತ್ತಿನ ಕಥೆ ಹೇಳುತ್ತ ಇಲ್ಲಿ ಹಿಂದಕ್ಕೆ ಬರಲೇಬೇಕು.

ನಮ್ಮ ಹರೆಯದಲ್ಲಿ ವಾಡಿಯ ವಾಲಿಬಾಲ್ ತಂಡಕ್ಕೆ ಸುತ್ತಲಿನ ತಾಲ್ಲೂಕುಗಳಲ್ಲಿ ಹೆಸರಿತ್ತು. ನಾನು ಲಿಂಗಾಯತರ ಮನೆಯವನು, ತಂಡದ ಕ್ಯಾಪ್ಟನ್, ನೆಟ್ಟಿನ ಮೇಲೆ ಹಾರಿ ಚೆಂಡು ಬಡಿಯುವವನು. ಜನ ಸೀಟಿ ಹೊಡೆಯುತ್ತಿದ್ದದ್ದು ನನ್ನ ಹೊಡೆತಕ್ಕೆ. ಆದರೆ ಹೊಡೆತ ಅರ್ಧ ಎತ್ತಿಕೊಡುವವನದು. ಆ ಕೆಲಸ ಸಾಯಬಣ್ಣನದು. ಅವನು ದಲಿತರ ಹುಡುಗ, ಅಪ್ಪ ಕಲ್ಲಿನ ಗಣಿಯಲ್ಲಿ ಪರಸಿ ಎಬ್ಬಿಸುತ್ತಿದ್ದ. ಚೆಂಡು ಸಾಯಬಣ್ಣನ ಬೆರಳಿಗೆ ತಾಗಿದ ಸಪ್ಪಳವೇ ಬರುತ್ತಿರಲಿಲ್ಲ. ದೀಪ ಎತ್ತಿಟ್ಟ ಹಾಗೆ ಎತ್ತಿಡುತ್ತಿದ್ದ. ಅಂಕಣದಲ್ಲಿ ಅವನು ನನ್ನನ್ನು ಕೂಗುತ್ತಿದ್ದದ್ದು "ಶರಣಾ, ತಗೋ" ಎಂದು. ಗೆರೆ ದಾಟಿ ಹೊರಗೆ ಬಂದ ಕೂಡಲೇ ನಾನು ಅವನಿಗೆ "ಶರಣಪ್ಪೋರು". ಯಾರೂ ಅವನಿಗೆ ಕಲಿಸಿರಲಿಲ್ಲ, ಎಲ್ಲರೂ ಕಲಿಸಿದ್ದರು.

ಚಿಂಚೋಳಿ ಕಡೆಯ ಒಂದು ಊರಲ್ಲಿ ಪಂದ್ಯ. ಊರಿನ ಹೆಸರು ಬರೆಯುವುದಿಲ್ಲ, ತಪ್ಪು ಊರಿನದಲ್ಲ. ನಾವು ಫೈನಲ್ ತಲುಪಿದೆವು. ಆಗಿನ ಪದ್ಧತಿ ಎಂದರೆ ಫೈನಲ್ಲಿನ ದಿನ ಎರಡೂ ತಂಡಕ್ಕೆ ಊರ ಹಿರಿಯರ ಮನೆಯಲ್ಲಿ ಹೋಳಿಗೆ ಊಟ, ಒಂದೇ ಪಂಕ್ತಿ. ಹಿರಿಯರು ನನ್ನನ್ನು ಕರೆದು ಎಷ್ಟು ಮಂದಿ ಇದ್ದೀರಿ, ಯಾರ್ಯಾರ ಮನೆಯ ಹುಡುಗರು ಎಂದು ವಿಚಾರಿಸಿದರು. ಸುಮ್ಮನೆ, ಊಟಕ್ಕೆ ಕರೆಯುವವರು ಕೇಳುವ ಹಾಗೆ. ಸಾಯಬಣ್ಣನ ಹೆಸರು ಬರುವ ಮುಂಚೆ ನನ್ನ ನಾಲಿಗೆ ನಿಂತಿತು. ತಂಡದ ಹುಸೇನಸಾಬನಿಗೆ ಅಂಥ ಪಂಕ್ತಿಯಲ್ಲಿ ಕೊನೆಯ ಜಾಗವಾದರೂ ಇತ್ತು. ಸಾಯಬಣ್ಣನಿಗೆ ಜಾಗವೇ ಇರಲಿಲ್ಲ. ಅವನನ್ನು ಹೊರಗೆ ಕೂರಿಸಿ ನಾನು ಒಳಗೆ ಹೇಗೆ ಉಣ್ಣಲಿ ಎಂದು ಯೋಚಿಸಿದೆ. ಆ ಯೋಚನೆ ಒಳ್ಳೆಯದೇ ಇತ್ತು. ಅದಕ್ಕೆ ನಾನು ಹುಡುಕಿದ ಉಪಾಯ ಒಳ್ಳೆಯದಿರಲಿಲ್ಲ. ಅವನನ್ನು ಕೂಡಿಸಿಕೊಳ್ಳಿ ಎಂದು ಕೇಳುವ ಬದಲು ಅವನೇ ಇಲ್ಲದ ಹಾಗೆ ಮಾಡಿದೆ.

ಫೈನಲ್ಲಿನ ಹಿಂದಿನ ಸಂಜೆ ಒಂದು ಮಳೆ ಬಿದ್ದಿತ್ತು. ಕರಿಮಣ್ಣಿನ ಮೈದಾನ ಹಸಿಯಾಗಿದೆ, ಫೈನಲ್ ಒಂದು ದಿನ ಮುಂದೆ ಹೋಗಿದೆ, ನೀನು ಊರಿಗೆ ಹೋಗಿ ಅಪ್ಪನನ್ನು ನೋಡಿಕೊಂಡು ಬಾ ಎಂದು ಸಾಯಬಣ್ಣನಿಗೆ ಹೇಳಿದೆ. ಅವನು ಕಲ್ಲಿನ ಲಾರಿ ಹತ್ತಿ ವಾಡಿಗೆ ಹೋದ. ಮರುದಿನ ನಾವು ಹೋಳಿಗೆ ಉಂಡು ಫೈನಲ್ ಆಡಿ ಸೋತೆವು. ಚೆಂಡು ಎತ್ತಿಕೊಡುವ ಲಿಫ್ಟರ್ ಎಲ್ಲಿ ಎಂದು ಜನ ಕೇಳಿದರು. ಬರಲಿಲ್ಲ, ಕೈ ಕೊಟ್ಟ ಎಂದೆ. ಎದುರಿನವರ ಹೊಡೆತಕ್ಕೆ ಅಂಜಿ ಓಡಿದ ಎಂದು ಯಾರೋ ಸೇರಿಸಿದರು. ನಾನು ಅಲ್ಲಗಳೆಯಲಿಲ್ಲ. ವಾಡಿಗೆ ಬಂದ ಮೇಲೂ ಮೈದಾನದಲ್ಲಿ ಅದನ್ನೇ ಹೇಳಿದೆ.

ಸಾಯಬಣ್ಣ ನಾನು ಹೇಳಿದ ದಿನಕ್ಕೆ ಸರಿಯಾಗಿ, ಬೂಟು ಕೊರಳಿಗೆ ಕಟ್ಟಿಕೊಂಡು ಆ ಊರಿಗೆ ಹೋಗಿದ್ದನಂತೆ. ಬರಿಯ ಮೈದಾನ ನೋಡಿ ಬಂದ. ನನ್ನನ್ನು ಒಂದು ಮಾತು ಕೇಳಲಿಲ್ಲ. ಮತ್ತೆ ನಮ್ಮ ಮೈದಾನಕ್ಕೂ ಬರಲಿಲ್ಲ. ಆ ಪಂದ್ಯಗಳ ಸರ್ಟಿಫಿಕೇಟು ನನ್ನ ರೈಲ್ವೆ ನೌಕರಿಗೆ ಬಲವಾಯಿತು. ಅವನು ಕಲ್ಲು ಹಾಸುವ ಕೆಲಸ ಕಲಿತು ಮುಂಬೈಗೆ ಹೋದ, ಅಲ್ಲಿಂದ ಮಸ್ಕತ್ತಿಗೆ.

ಸೀಬ್, ಶುಕ್ರವಾರ

ಆ ದೇಶದಲ್ಲಿ ರಜೆ ಶುಕ್ರವಾರ. ಸಂಜೆ ಬಿಸಿಲು ಇಳಿದ ಮೇಲೆ ಕಡಲ ದಂಡೆಯಲ್ಲಿ ಎಲ್ಲಿ ನೋಡಿದರೂ ಆಟ. ಅಲ್ಲಿಯ ಹುಡುಗರು ಬರಿಗಾಲಲ್ಲಿ ಫುಟ್‌ಬಾಲ್ ಆಡುತ್ತಾರೆ. ಪಾಕಿಸ್ತಾನದವರು, ಬಂಗಾಲಿಗಳು, ನಮ್ಮ ತೆಲಂಗಾಣದವರು ಎರಡು ಕಂಬ ಹುಗಿದು ಮೀನಿನ ಬಲೆಯನ್ನೇ ನೆಟ್ ಮಾಡಿ ವಾಲಿಬಾಲ್ ಆಡುತ್ತಾರೆ. ಟಿವಿಯಲ್ಲಿ ಒಬ್ಬರನ್ನೊಬ್ಬರು ಬಯ್ಯುವ ದೇಶಗಳ ಜನ ಒಂದೇ ಕಡೆ ನಿಂತು ಒಂದೇ ಚೆಂಡಿಗೆ ಓಡುವುದನ್ನು ನೋಡಿದೆ. ಹಾಗಂತ ಅದನ್ನು ಸ್ವರ್ಗ ಎನ್ನಲಾರೆ. ಕಟ್ಟಡ ಕೆಲಸದವರ ಕೊಠಡಿಗಳು ಊರ ಹೊರಗೆ ಎಲ್ಲೋ ಇವೆ. ದೊಡ್ಡ ಸಾಹೇಬರು ಯಾರೂ ಆ ಮರಳಿಗೆ ಇಳಿದದ್ದು ಕಾಣಲಿಲ್ಲ. ಶುಕ್ರವಾರ ದಾಟಿದರೆ ಎಲ್ಲರೂ ಮತ್ತೆ ಕೆಲಸದ ದರ್ಜೆಗೆ ತಕ್ಕ ಅವರವರ ಬಣ್ಣದ ಟೊಪ್ಪಿಗೆ ಹಾಕಿಕೊಳ್ಳುತ್ತಾರೆ. ಆದರೂ ಆ ಸಂಜೆ ಇತ್ತು. ನಮಗೂ ಒಂದು ಕಾಲಕ್ಕೆ ಇತ್ತು.

ವಾಲಿಬಾಲ್ ಆಡುವ ಕಡೆಗೇ ಕರೆದುಕೊಂಡು ಹೋಗು ಎಂದು ಮಗಳಿಗೆ ದುಂಬಾಲು ಬಿದ್ದಿದ್ದೆ. "ಅಪ್ಪಾ, ಮೊಮ್ಮಗಳನ್ನ ನೋಡ್ಲಿಕ್ಕ ಬಂದೀರೋ, ಚೆಂಡು ನೋಡ್ಲಿಕ್ಕ ಬಂದೀರೋ" ಎಂದು ಗಿರಿಜಾ ರೇಗಿಸಿದಳು. ಕಡಲ ಗಾಳಿಗೆ ನನ್ನ ಧೋತರ ಹಾರಿ ಹಾರಿ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಅದನ್ನು ಹಿಡಿದುಕೊಂಡೇ ಒಂದೊಂದು ನೆಟ್ಟಿನ ಹತ್ತಿರ ನಿಂತು ಮುಖ ಹುಡುಕಿದೆ.

ಒಂದು ಅಂಕಣಕ್ಕೆ ಸುಣ್ಣದ ಗೆರೆ ಇರಲಿಲ್ಲ. ಕಲ್ಲಿನ ತುಂಡುಗಳನ್ನು ಮರಳಿನಲ್ಲಿ ಸಮವಾಗಿ ಹುಗಿದು ಗೆರೆ ಮಾಡಿದ್ದರು. ಗಣಿಯ ಸೀಮೆಯವನು ಮಾತ್ರ ಮಾಡುವ ಕೆಲಸ. ಪಕ್ಕದಲ್ಲಿ ಮೀನಿನ ಪೆಟ್ಟಿಗೆ ಬೋರಲು ಹಾಕಿ ಒಬ್ಬ ಮುದುಕ ಸೀಟಿ ಹಿಡಿದು ಕೂತಿದ್ದ. ತಲೆಯಲ್ಲಿ ಕೂದಲಿಲ್ಲ, ಮೈ ಒಣಗಿತ್ತು. ಗುರುತು ಸಿಗಲಿಲ್ಲ. ಆಗ ಹೊರಗೆ ಬಂದ ಚೆಂಡನ್ನು ಅವನು ಕೂತಲ್ಲೇ ಎತ್ತಿ ಹಿಂದಕ್ಕೆ ಕಳಿಸಿದ. ಸಪ್ಪಳ ಬರಲಿಲ್ಲ.

ನಾನು ಹತ್ತಿರ ಹೋಗಿ ನಿಂತೆ. ಅವನು ತಲೆ ಎತ್ತಿ ನೋಡಿದ.

"ಯಾಕ್ರಿ ಶರಣಪ್ಪೋರ, ಗಾಡಿ ಭಾಳ ಲೇಟಾತಲ್ರಿ" ಎಂದ.

ಅವನೇ ಮುಂದುವರಿಸಿದ. "ವಾಡಿಂದ ಶಾಬಾದಕ್ಕ ಹೋಗ್ಬೇಕಂದ್ರ ಮಸ್ಕತ್ ಮ್ಯಾಲಿಂದ ಬರ್ಬೇಕೇನ್ರಿ? ಕುಂದ್ರಿ. ಆಟ ನಡದದ, ಮಾತು ಆಮ್ಯಾಲ."

ಇನ್ನೊಂದು ಪೆಟ್ಟಿಗೆ ಬೋರಲು ಹಾಕಿದ. ಕೂತೆವು. ಖಲ್ಫಾನ್ ಎಂಬ ಅಲ್ಲಿಯವನ ಕಲ್ಲಿನ ಅಂಗಡಿಯಲ್ಲಿ ಸಾಯಬಣ್ಣ ಹಿರಿಯ ಮೇಸ್ತ್ರಿ ಎಂದು ಗೊತ್ತಾಯಿತು. ಖಲ್ಫಾನ್ ಹರೆಯದಲ್ಲಿ ಇವನು ಎತ್ತಿಕೊಟ್ಟ ಚೆಂಡು ಹೊಡೆದವನು. ವಯಸ್ಸಾದರೂ ಕಳಿಸಲು ಮನಸ್ಸಿಲ್ಲದೆ ಇಟ್ಟುಕೊಂಡಿದ್ದಾನೆ. ಅಲ್ಲಿಯ ಆಟಗಾರರು ಸಾಯಬಣ್ಣನನ್ನು ಉಸ್ತಾದ್ ಎನ್ನುತ್ತಾರೆ.

ಕತ್ತಲಾಗುವ ಮುಂಚೆ ಹುಡುಗರು ಅಂಕಣ ಖಾಲಿ ಮಾಡಿದರು. ಸಾಯಬಣ್ಣ ಚೆಂಡು ಹಿಡಿದು ಎದ್ದ, ನೆಟ್ಟಿನ ಪಕ್ಕ ತನ್ನ ಹಳೆಯ ಜಾಗದಲ್ಲಿ ಹೋಗಿ ನಿಂತ. ನಾನು ಯಾರೂ ಹೇಳದೆ ನನ್ನ ಜಾಗದಲ್ಲಿ ನಿಂತೆ. "ಶರಣಾ, ತಗೋ" ಎಂದ. ಚೆಂಡು ಮೇಲೆ ಹೋಗಿ, ನಾನು ಇಪ್ಪತ್ತರ ಹುಡುಗನಾಗಿದ್ದಾಗ ಎಲ್ಲಿ ನಿಲ್ಲುತ್ತಿತ್ತೋ ಅಲ್ಲೇ ನಿಂತಿತು. ನಾನು ಹಾರಿದೆ ಅಂದುಕೊಂಡೆ. ಕಾಲು ಮರಳು ಬಿಡಲಿಲ್ಲ, ಧೋತರ ಸುತ್ತಿಕೊಂಡಿತು, ಮಂಡಿಯ ಮೇಲೆ ಬಿದ್ದೆ. ಚೆಂಡು ಪಕ್ಕದಲ್ಲಿ ಮೆತ್ತಗೆ ಬಿತ್ತು. ಅವನು ಕಲ್ಲಿನ ಗೆರೆ ದಾಟಿ ಬಂದು ಕೈ ಕೊಟ್ಟ.

"ಪೆಟ್ಟಾತೇನ್ರಿ, ಶರಣಪ್ಪೋರ?"

ಪೆಟ್ಟಾಗಿತ್ತು. ಮಂಡಿಗಲ್ಲ.

ಮರು ಶುಕ್ರವಾರ, ಒಂದೇ ತಾಟು

ಮುಂದಿನ ವಾರ ಅವನು ಊಟಕ್ಕೆ ಕರೆದಿದ್ದ. ಆಟ ಮುಗಿದ ಮೇಲೆ ಗೆದ್ದವರು ಸೋತವರು ಎಲ್ಲ ಚಾಪೆಯ ಮೇಲೆ ಸುತ್ತಲೂ ಕೂರುತ್ತಾರೆ. ನಡುವೆ ಗಾಡಿಯ ಚಕ್ರದಷ್ಟು ದೊಡ್ಡ ತಾಟು, ಅದರ ತುಂಬ ಅನ್ನ, ಮೇಲೆ ಮೀನು. ಎಲೆ ಇಲ್ಲ, ಬಟ್ಟಲಿಲ್ಲ. ಎಲ್ಲರ ಕೈಯೂ ಒಂದೇ ತಾಟಿಗೆ. ಇದು ಆ ದೇಶದ ರೂಢಿ. ಸಾಯಬಣ್ಣ ಅದನ್ನು ತನ್ನ ಅಂಕಣದ ಕಾನೂನು ಮಾಡಿದ್ದಾನೆ: ತಾಟಿಗೆ ಕೂರದವನಿಗೆ ಚೆಂಡಿಲ್ಲ. ಒಬ್ಬ ದೊಡ್ಡ ಹೊಡೆತಗಾರ ಬೇರೆ ತಟ್ಟೆ ಕೇಳಿದ್ದಕ್ಕೆ ಅವನನ್ನು ಆಡಲು ಬಿಡಲಿಲ್ಲವಂತೆ. ಖಲ್ಫಾನ್ ಇದನ್ನು ಮುರುಕು ಉರ್ದುವಿನಲ್ಲಿ ನಗುತ್ತ ಹೇಳಿದ. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ನಾನು ಹುಟ್ಟಿದಂದಿನಿಂದ ಮೀನು ಮುಟ್ಟಿದವನಲ್ಲ. ಏನು ಮಾಡಲಿ ಎಂದು ಬೆವರುತ್ತಿದ್ದಾಗ ಸಾಯಬಣ್ಣ ತಾಟನ್ನು ಸ್ವಲ್ಪ ತಿರುಗಿಸಿದ. ನನ್ನ ಕಡೆಯ ಅಂಚಿನಲ್ಲಿ ಅನ್ನ ಸರಿಸಿ ಜಾಗ ಮಾಡಿ ಜೋಳದ ರೊಟ್ಟಿ, ಪುಂಡಿಪಲ್ಯ ಇಟ್ಟಿದ್ದ. ತೆಲುಗರ ಅಂಗಡಿಯಿಂದ ಪುಂಡಿ ಸೊಪ್ಪು ತಂದು ಬೆಳಗ್ಗೆ ತಾನೇ ಮಾಡಿದ್ದನಂತೆ.

"ನೀವ್ ತಿನ್ನಂಗಿಲ್ಲ ಅಂತ ನೆನಪದ. ಈ ಕಡಿ ನಿಮ್ದು" ಎಂದ. "ಆದ್ರ ತಾಟು ಒಂದ."

ಅಂದು ಪಂದ್ಯದ ಊರಲ್ಲಿ ನಾನು ಆ ಹಿರಿಯರ ಮುಂದೆ ಇಷ್ಟೇ ಹೇಳಬಹುದಾಗಿತ್ತು. ತಾಟನ್ನು ಸ್ವಲ್ಪ ತಿರುಗಿಸುವಷ್ಟು ಕೆಲಸ. ಅವರು ಒಪ್ಪುತ್ತಿದ್ದರೋ ಇಲ್ಲವೋ, ನಾನು ಕೇಳಲೇ ಇಲ್ಲ. ರೊಟ್ಟಿ ಮುರಿದೆ. ಅವನು ಮೀನಿನ ಮುಳ್ಳು ತೆಗೆಯುತ್ತ ಕೂತ.

ಊಟದ ಮೇಲೆ ಖರ್ಜೂರ, ಸಣ್ಣ ಬಟ್ಟಲಲ್ಲಿ ಕಹಿ ಕಾಫಿ. ಕುಡಿದಿಟ್ಟ ಕೂಡಲೇ ಹುಡುಗರು ಮತ್ತೆ ತುಂಬುತ್ತಿದ್ದರು. ನಾನು ಸಾಕ್ರಿ ಸಾಕ್ರಿ ಎಂದೆ. ನಮ್ಮಲ್ಲಿ ಸಾಕು ಎಂದವನಿಗೆ ಇನ್ನಷ್ಟು ಬಡಿಸುತ್ತಾರೆ, ಇಲ್ಲೂ ಹಾಗೇ ಇರಬೇಕು ಎಂದು ಕುಡಿಯುತ್ತಲೇ ಹೋದೆ. ಸಾಯಬಣ್ಣ ನಕ್ಕು ತೋರಿಸಿದ: ಸಾಕು ಅನ್ನಲು ಬಟ್ಟಲನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಾಡಿಸಬೇಕು. ಆಮೇಲೆ ಯಾರೂ ತುಂಬುವುದಿಲ್ಲ.

ಎಲ್ಲರೂ ಎದ್ದು ಹೋದ ಮೇಲೆ ಅವನೇ ಶುರು ಮಾಡಿದ. "ಒಂದು ಮಾತು ಕೇಳ್ತೀನ್ರಿ. ಅವತ್ತ ಫೈನಲ್ದಾಗ ನಿಮಗ ಚೆಂಡು ಎತ್ತಿಕೊಟ್ಟೋರು ಯಾರು?"

"ಹುಸೇನ."

"ಹುಸೇನನ ಬೆರಳು ಭಾಳ ಬಿರುಸ್ರಿ" ಎಂದು ಸಾಯಬಣ್ಣ ತಲೆ ಅಲ್ಲಾಡಿಸಿದ. ಇಷ್ಟು ವರ್ಷ ಅವನನ್ನು ಕಾಡಿದ ಪ್ರಶ್ನೆ ಅದೇ ಅನ್ನುವ ಹಾಗೆ.

ಆಗ ನಾನು ಎಲ್ಲ ಹೇಳಿದೆ. ಮಳೆಯ ನೆಪ, ಹೋಳಿಗೆ, ಪಂಕ್ತಿ, ಕೈ ಕೊಟ್ಟ ಎಂದು ನಾನೇ ಹಬ್ಬಿಸಿದ್ದು. ಅವನು ಅಲೆಗಳ ಕಡೆ ನೋಡುತ್ತ ಕೇಳಿದ.

"ಮೈದಾನ ನೋಡಿದಾಗೇ ತಿಳೀತ್ರಿ ನನಗ. ಆಟ ಮುಗದ ಹೆಜ್ಜಿ ಇದ್ದವು. ಯಾಕ ಮಾಡಿದ್ರಿ ಅಂಬೋದೂ ತಿಳೀತು. ನಮ್ಮಪ್ಪಗ ಮಾತ್ರ ತಿಳೀಲಿಲ್ಲ. ಚಾದ ಅಂಗಡ್ಯಾಗ ಮಂದಿ ಅಂದಿದ್ದ ಕೇಳಿ, ಮಗ ಅಂಜಿ ಓಡಿ ಬಂದಾನಂತ ತಿಳಕೊಂಡೇ ತೀರಿಹೋದ."

ಅಪ್ಪನಿಗೆ ನೀನು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರ ಪಂಕ್ತಿ ಕಾರಣಾನೂ ಹೇಳ್ಬೇಕಾಗ್ತಿತ್ತಲ್ರಿ. ಅದಕಿಂತ ಅಂಜುಬುರುಕ ಮಗ ಆಗೋದೇ ಛಲೋ ಅನಿಸ್ತು."

ನಾನು ಅವನ ಕೈ ಹಿಡಿಯಲು ಹೋದೆ. ತಪ್ಪಾಯಿತು, ಕ್ಷಮಿಸು ಎಂದು ಇನ್ನೂ ಏನೇನೋ ಹೇಳುತ್ತಲೇ ಇದ್ದೆ. ಅವನು ತಡೆದ. "ನನಗ ಹೇಳಬ್ಯಾಡ್ರಿ. ಆ ಸುಳ್ಳು ಎಲ್ಲಿ ಹೇಳಿದ್ರಿ, ಖರೇನೂ ಅಲ್ಲೇ ಹೇಳ್ರಿ."

ನಾನು ಮತ್ತೆ ಬಾಯಿ ತೆರೆದೆ. ಸಾಯಬಣ್ಣ ಕಾಫಿಯ ಬಟ್ಟಲು ಎತ್ತಿ ನನ್ನ ಮುಖದ ಮುಂದೆ ಮೆಲ್ಲಗೆ ಅಲುಗಾಡಿಸಿದ.

ಮತ್ತೆ ವಾಡಿ

ಬರುವಾಗ ಸೇಡಂ ಕಳೆದು ಚಿತ್ತಾಪುರ ಬರುವಷ್ಟರಲ್ಲಿ ಭಯ ಶುರುವಾಯಿತು. ಹೋಗುವಾಗಿನ ಭಯಕ್ಕಿಂತ ಇದು ಹೆಚ್ಚು. ಪರದೇಶದಲ್ಲಿ ಹೇಳುವುದು ಸುಲಭ ಎಂದು ನಾನು ಲೆಕ್ಕ ಹಾಕಿದ್ದು ಅವನಿಗೆ ಗೊತ್ತಾಗಿತ್ತು, ಅದಕ್ಕೇ ಅವನು ಅದನ್ನು ಅಲ್ಲಿ ಸ್ವೀಕರಿಸಲಿಲ್ಲ.

ಭಾನುವಾರ ಸಂಜೆ ಮೈದಾನಕ್ಕೆ ಹೋದೆ. ಹಳೆಯ ತಂಡದವರಲ್ಲಿ ಉಳಿದ ಇಬ್ಬರು ಮೂವರು ಅಲ್ಲೇ ಕಟ್ಟೆಯ ಮೇಲೆ ಕೂರುತ್ತಾರೆ. ಚಹಾದ ಅಂಗಡಿಯವನನ್ನೂ ಕರೆದೆ, ಅವನ ಅಪ್ಪನ ಅಂಗಡಿಯಲ್ಲೇ ಆ ಮಾತು ಹಬ್ಬಿದ್ದು. ಎಲ್ಲರ ಮುಂದೆ ನಿಂತು ಹೇಳಿದೆ. ಆಡುತ್ತಿದ್ದ ಹುಡುಗರಿಗೆ ಅದು ಯಾವ ಕಾಲದ ಸುದ್ದಿಯೋ. "ಅಜ್ಜಾ, ಬಾಜೂಕ ಸರೀರಿ, ಚೆಂಡು ಬಡೀತದ" ಎಂದರು. ಹುಸೇನಸಾಬ ಮಾತ್ರ ಕೋಲಿನಿಂದ ಮಣ್ಣು ಕೆದಕಿದ. ಅವನು ಅಂದದ್ದು ಒಂದೇ ಮಾತು. "ಸಾಯಬಣ್ಣ ಅಂಜೋ ಮನಷ್ಯಾ ಅಲ್ಲಂತ ನಮಗೂ ಗೊತ್ತಿತ್ತಪಾ ಶರಣಪ್ಪ. ನಾವೂ ಯಾರೂ ಕೇಳಲಿಲ್ಲ. ಹೋಳಿಗಿ ಉಂಡೇವಿ."

ಅಲ್ಲಿದ್ದವರು ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ವಾಡಿ, ಶಹಾಬಾದ್, ಚಿತ್ತಾಪುರ, ಚಿಂಚೋಳಿಯ ಕಡೆ ನಮ್ಮ ಕಾಲದ ಆಟ ನೋಡಿದವರು ಯಾರಾದರೂ ಇದನ್ನು ಓದಿದರೆ ತಿಳಿಯಲಿ: ಕೈ ಕೊಟ್ಟವನು ನಾನು. ಸಾಯಬಣ್ಣ ತನಗೆ ಹೇಳಿದ ದಿನಕ್ಕೆ ಬಂದಿದ್ದ.

ಹೇಳಿದೆ ಎಂದು ಅವನಿಗೆ ಫೋನ್ ಮಾಡಿದೆ. ಆ ಕಡೆ ಕಡಲಿನ ಗಾಳಿ ಕೇಳಿಸುತ್ತಿತ್ತು. ಹುಸೇನ ಏನಂದ ಎಂದು ಕೇಳಿದ, ಹೇಳಿದೆ. ಸ್ವಲ್ಪ ನಕ್ಕ. ಆಮೇಲೆ, "ನೆಟ್ ಕಟ್ಟಿ ಇಡ್ರಿ, ಶರಣಪ್ಪೋರ. ಚಳಿಗಾಲಕ್ಕ ವಾಡ್ಯಾಗ ಇಳೀತೀನಿ" ಎಂದ.

ಈಗ ಸಂಜೆ ಹುಡುಗರಿಗಿಂತ ಮುಂಚೆ ಹೋಗಿ ನಾನೇ ನೆಟ್ಟು ಕಟ್ಟುತ್ತೇನೆ. ಮೂಲೆಯಲ್ಲಿ ಒಂದು ಹೊಸ ಕೊಡ ಇಟ್ಟು, ಅದರ ಕೊರಳಿಗೆ ಸರಪಳಿಯಲ್ಲಿ ಒಂದು ಲೋಟ ಕಟ್ಟಿದ್ದೇನೆ. ಹಾರಲು ಬರುವುದಿಲ್ಲ ಎಂದು ಮರಳಿನಲ್ಲೇ ಗೊತ್ತಾಗಿದೆ. ಚೆಂಡು ಹೊಡೆಯುವ ಆಸೆಯೂ ಇಲ್ಲ. ಆದರೆ ಶರಣಾ ಎಂದು ಅವನು ಕರೆಯುವುದು ಗೆರೆಯ ಒಳಗೆ ಮಾತ್ರ. ಅದಕ್ಕೆ ಗೆರೆಗೆ ಸುಣ್ಣ ಹಾಕಿ, ನನ್ನ ಹಳೆಯ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು ಬರುತ್ತೇನೆ.